ಬಾಸ್‌ನ ಹೆಸರು ಹಿಡಿದು ಕರೀಬೇಕಂತೆ. ಅಟೆಂಡರ್‌ಗೆ ‘ನೀವು’ ಅನ್ನೋರು ಯಾರು?

ಪಿಬಿ ರೋಡ್ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಫೈನಾನ್ಸ್ ಕಂಪನಿ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಂಪನಿ ಹೆಸರು ಇಲ್ಲಿ ಬೇಡ. ಇತ್ತೀಚೆಗೆ ಬೆಂಗಳೂರಿನಿಂದ ಹೊಸ ರೀಜನಲ್ ಹೆಡ್ ಬಂದಿದ್ದಾರೆ. ಚಿಕ್ಕ ವಯಸ್ಸು, ಕೆಲಸದಲ್ಲಿ ಚುರುಕು. ಬಂದ ವಾರದಲ್ಲೇ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದರು. ಇನ್ಮೇಲೆ ಸರ್, ಮೇಡಂ ಯಾವುದೂ ಬೇಡ, ಎಲ್ಲರೂ ಎಲ್ಲರನ್ನೂ ಹೆಸರಿನಿಂದಲೇ ಕರೆಯಿರಿ, ನನ್ನನ್ನಂತೂ ಮನೆಯಲ್ಲಿ ಕರೆಯುವ ಮುದ್ದು ಹೆಸರಿನಿಂದ ಕರೆಯಿರಿ ಅಂತ.

ಹೊಸ ಹುಡುಗರು ಆವತ್ತೇ ಶುರು ಮಾಡಿದರು. ಬ್ರಾಂಚ್ ಮ್ಯಾನೇಜರ್ ನಿವೃತ್ತಿಗೆ ಹತ್ತಿರ ಇರುವವರು, ಅವರಿಗೆ ನಾಲಿಗೆಯೇ ಏಳುತ್ತಿಲ್ಲ. ಹೆಸರಿನ ಹಿಂದೆ ‘ಅವ್ರೇ’ ಸೇರಿಸಿಕೊಂಡು ಹೇಗೋ ದಿನ ತಳ್ಳುತ್ತಿದ್ದಾರೆ. ನಾನು ಕರೆಯುವುದನ್ನೇ ಬಿಟ್ಟಿದ್ದೇನೆ. ಕ್ಯಾಬಿನ್ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ಅವರು ತಲೆ ಎತ್ತಿದ ಮೇಲೆ ಮಾತು ಶುರು.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮಲ್ಲಿ ಒಬ್ಬ ಅಟೆಂಡರ್ ಇದ್ದಾರೆ. ನಮ್ಮಪ್ಪನ ವಯಸ್ಸು. ಬೆಳಿಗ್ಗೆ ಶಟರ್ ಎತ್ತುವುದರಿಂದ ಹಿಡಿದು ಬ್ಯಾಂಕಿಗೆ ಹೋಗಿ ಚಲನ್ ಕಟ್ಟುವವರೆಗೆ ಎಲ್ಲ ಅವರೇ. ಜಗಳೂರು ಕಡೆಯ ಯಾವ ಗಿರಾಕಿ ಮಾಲು ಮಾರಿದ ಮೇಲೆ ಕಂತು ಕಟ್ಟುತ್ತಾನೆ, ಯಾರು ಸಂಬಳ ಬಂದ ದಿನವೇ ಬರುತ್ತಾರೆ, ಕಂಪ್ಯೂಟರ್ ನೋಡದೆ ಹೇಳುತ್ತಾರೆ. ಮೆಸೇಜ್ ಬಂದ ಮಧ್ಯಾಹ್ನವೇ ರೀಜನಲ್ ಹೆಡ್ ಕ್ಯಾಬಿನ್ನಿನಿಂದ ‘ಏಯ್, ನಾಲ್ಕು ಟೀ ಹೇಳಿ ಬಾರೋ’ ಅಂದರು. ಇವರು ‘ಆಯ್ತು ಸರ್’ ಅಂದು ಹೋದರು. ಗ್ರೂಪಿನಲ್ಲಿ ಇವರ ನಂಬರ್ ಇಲ್ಲ. ಹೊಸ ನಿಯಮ ಇವರಿಗೆ ಮುಟ್ಟಿಯೇ ಇಲ್ಲ.

ನನ್ನ ಮಾತು ಇಷ್ಟೇ. ಮೇಲಿನವರ ಹೆಸರು ಹಿಡಿಯುವುದು ಆಮೇಲಿನ ಮಾತು. ಮೊದಲು ಮೇಲಿನವರು ಕೆಳಗಿನವರಿಗೆ ನೀವು ಅನ್ನಲಿ. ಹೆಸರು ಕೇಳಿ ತಿಳಿದುಕೊಂಡು ಕರೆಯಲಿ. ಅದಾಗದೆ ಸರ್ ಒಂದನ್ನು ಬಿಟ್ಟರೆ ಯಾರಿಗೆ ಏನು ಸಿಕ್ಕಿತು? ನಿಮ್ಮ ಆಫೀಸು, ಆಸ್ಪತ್ರೆ, ಅಂಗಡಿಗಳಲ್ಲಿ ಹೇಗಿದೆ? ನಮ್ಮ ದಾವಣಗೆರೆ, ದುರ್ಗದ ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು.

ಮಂಡಿಪೇಟೆ

ನಮ್ಮ ಕಡೆ ಸರ್ ಅನ್ನುವ ಮಾತೇ ಕಮ್ಮಿ ಅಕ್ಕ. ನಮ್ಮದು ದಲಾಲಿ ಅಂಗಡಿ. ಅಪ್ಪನಿಗೆ ಎಲ್ಲರೂ ‘ಸಾವ್ಕಾರ್ರೇ’ ಅನ್ನುತ್ತಾರೆ. ಲೆಕ್ಕ ಬರೆಯುವವರಿಗೆ ‘ರೈಟರ್ರೇ’. ಮಾಲು ತಂದ ರೈತರಿಗೆ ಗೌಡ್ರೇ, ಯಜಮಾನ್ರೇ. ಬರೀ ಹೆಸರು ಹಿಡಿದು ಕರೆಸಿಕೊಳ್ಳುವವರು ಹಮಾಲರು ಮಾತ್ರ. ಅದೂ ಪೂರ್ತಿ ಹೆಸರಲ್ಲ. ಮೆಕ್ಕೆಜೋಳದ ಸೀಸನ್‌ನಲ್ಲಿ ಎಪಿಎಂಸಿ ಯಾರ್ಡಿಗೆ ಬಂದು ತೂಕದ ಹತ್ತಿರ ನಿಂತು ಕೇಳಿ. ಬೆಳಗಿನಿಂದ ಸಂಜೆವರೆಗೆ ಏ ನಿಂಗ, ಏ ಮಂಜ, ಏ ಹಾಲ. ಬೆನ್ನ ಮೇಲೆ ಚೀಲ ಇರುವಾಗ ಮನುಷ್ಯ ತಿರುಗಿ ನೋಡಲೂ ಆಗುವುದಿಲ್ಲ. ನೆಲ ನೋಡಿಕೊಂಡೇ ‘ಹೂಂ ಸಾವ್ಕಾರ್ರೇ’ ಅನ್ನುತ್ತಾನೆ.

ನಾನು ಅಂಗಡಿಯಲ್ಲಿ ಕೂರಲು ಶುರು ಮಾಡಿದ ಮೇಲೆ ನಿಂಗಣ್ಣ, ಮಂಜಣ್ಣ ಅಂತಲೇ ಕರೆಯುತ್ತೇನೆ. ಸದರ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಅಂತ ಅಪ್ಪ ಮೊದಮೊದಲು ಬೈದರು. ಯಾರೂ ಕೂರಲಿಲ್ಲ. ಲಾರಿ ಲೋಡ್ ಆಗುವ ಹೊತ್ತಿಗೆ ಆಗುತ್ತಿದೆ. ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಹರಿಹರ ಹೊಳೆ ದಂಡೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಫ್ಯಾಕ್ಟರಿಯಲ್ಲಿ ಶಿಫ್ಟ್ ಇಂಜಿನಿಯರ್ ನಾನು. ಅಣ್ಣ, ಕಾಕ ಅಂದುಕೊಂಡು ಫ್ಯಾಕ್ಟರಿ ನಡೆಸುವುದು ಕಷ್ಟ. ಬೆಳಿಗ್ಗೆ ಅಣ್ಣ ಅಂದವರಿಗೆ ಸಂಜೆ ಮೆಮೊ ಕೊಡುವುದು ಹೇಗೆ? ನಮ್ಮ ವಿಭಾಗದಲ್ಲಿ ಹೆಲ್ಪರ್‌ನಿಂದ ಪ್ಲಾಂಟ್ ಹೆಡ್‌ವರೆಗೆ ಎಲ್ಲರಿಗೂ ಎಲ್ಲರೂ ಸರ್. ನಾನು ಹೆಲ್ಪರ್‌ಗೂ ಸರ್ ಅನ್ನುತ್ತೇನೆ, ಅವರೂ ನನಗೆ ಸರ್. ಒಂದೇ ಮಾತು, ಎರಡೂ ಕಡೆ. ಜಗಳವೇ ಇಲ್ಲ.

ನೈಟ್ ಡ್ಯೂಟಿ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ನಾನು. ನಮಗೆ ಹೆಸರೇ ಇಲ್ಲ. ಎಲ್ಲರೂ ಸಿಸ್ಟರ್. ಗಂಡಸರಾದರೆ ಬ್ರದರ್. ಕ್ಲೀನಿಂಗ್ ಮಾಡುವವರು ಆಯಮ್ಮ. ರೋಗಿಯ ಕಡೆಯವರಂತೂ ಬ್ರದರ್‌ಗೆ ‘ಡಾಕ್ಟ್ರೇ’ ಅನ್ನುತ್ತಾರೆ. ಸ್ಟೆತಸ್ಕೋಪ್ ಹಾಕಿಕೊಂಡು ನಿಂತ ಲೇಡಿ ಡಾಕ್ಟರ್‌ಗೆ ‘ಸಿಸ್ಟರ್, ಡ್ರಿಪ್ ಮುಗೀತು ನೋಡ್ರಿ’ ಅನ್ನುತ್ತಾರೆ. ಆ ಹುಡುಗಿಯರು ಎಷ್ಟು ನೊಂದುಕೊಳ್ಳುತ್ತಾರೆ ಅಂತ ನನಗೆ ಗೊತ್ತು.

ಇದು ಬರೀ ಮಾನ ಮರ್ಯಾದೆ ಪ್ರಶ್ನೆ ಅಲ್ಲ. ಎಮರ್ಜೆನ್ಸಿಯಲ್ಲಿ ಮೂರು ಜನ ನರ್ಸ್‌ಗಳು ಬೆಡ್ ಸುತ್ತ ಇರುತ್ತೇವೆ. ಡಾಕ್ಟರ್ ‘ಸಿಸ್ಟರ್, ಅಡ್ರಿನಲಿನ್’ ಅನ್ನುತ್ತಾರೆ. ಯಾರಿಗೆ ಹೇಳಿದರು? ಮೂವರೂ ಟ್ರಾಲಿಗೆ ಕೈ ಹಾಕುತ್ತೇವೆ, ಇಲ್ಲವೇ ಇನ್ನೊಬ್ಬರು ತೆಗೆಯುತ್ತಾರೆ ಅಂತ ಮೂವರೂ ಸುಮ್ನಿರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೆ ಅಂತಲೇ ಒಂದು ಸುರಕ್ಷತಾ ಚೆಕ್‌ಲಿಸ್ಟ್ ಕೊಟ್ಟಿತು. ಚರ್ಮಕ್ಕೆ ಕತ್ತರಿ ತಾಗುವ ಮುಂಚೆ ಓಟಿಯಲ್ಲಿ ಇರುವವರೆಲ್ಲ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು ಅನ್ನುವುದು ಅದರಲ್ಲಿ ಒಂದು ಅಂಶ. ಆ ಸಾಲಿಗೆ ಟಿಕ್ ಬೀಳುತ್ತದೆ, ಹೆಸರು ಹೇಳಿಕೊಂಡಿದ್ದನ್ನು ನಾನು ಕೇಳಿದ್ದು ಕಮ್ಮಿ. 2017ರಲ್ಲಿ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ರಾಬ್ ಹ್ಯಾಕೆಟ್ ತಮ್ಮ ಓಟಿ ಟೋಪಿ ಮೇಲೆ ಹೆಸರು, ಹುದ್ದೆ ಬರೆದುಕೊಂಡರು. ಅದನ್ನು ನೋಡಿ ಎಷ್ಟೋ ದೇಶಗಳಲ್ಲಿ ಡಾಕ್ಟರು, ನರ್ಸುಗಳು ಹಾಗೇ ಮಾಡಿದರು.

ನಾನೂ ಮಾರ್ಕರ್‌ನಲ್ಲಿ ಟೋಪಿ ಮೇಲೆ ಕನ್ನಡದಲ್ಲಿ ಹೆಸರು ಬರೆದುಕೊಳ್ಳುತ್ತೇನೆ. ಈಗ ಪಿಜಿ ಡಾಕ್ಟರ್‌ಗಳು ಹೆಸರು ಸೇರಿಸಿ ಸಿಸ್ಟರ್ ಅನ್ನುತ್ತಾರೆ. ಕರೆದ ತಕ್ಷಣ ನನಗೇ ಅಂತ ಗೊತ್ತಾಗುತ್ತದೆ.

ಹಳೆ ಫೈಲು

ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿ ಆದವನು ನಾನು. ಸರ್ ಅನ್ನುವ ಮಾತಿನ ಪರವಾಗಿ ಒಂದೆರಡು ಮಾತು ಹೇಳಬೇಕು. ಸಮಾಧಾನವಾಗಿ ಓದಿ.

ಅಸಿಸ್ಟೆಂಟ್ ಕಮಿಷನರ್ ಆಗಿ ಇಪ್ಪತ್ತಾರು ವರ್ಷದ ಹುಡುಗಿ ಬರುತ್ತಾಳೆ. ಪರೀಕ್ಷೆ ಪಾಸು ಮಾಡಿ ಬಂದಿದ್ದಾಳೆ, ಆ ಕುರ್ಚಿ ಅವಳ ಹಕ್ಕು. ಅವಳ ಮುಂದೆ ಫೈಲು ಹಿಡಿದು ನಿಲ್ಲುವ ಶಿರಸ್ತೇದಾರರಿಗೆ ಐವತ್ತೈದು. ಹೆಸರು ಹಿಡಿಯಿರಿ ಅಂದರೆ ಇಬ್ಬರಿಗೂ ಕಷ್ಟ. ಅವರು ‘ಮಗಳೇ’ ಅನ್ನುವಂತಿಲ್ಲ, ಅವಳು ‘ಕಾಕಾ’ ಅನ್ನುವಂತಿಲ್ಲ. ‘ಮೇಡಂ’ ಅಂದ ತಕ್ಷಣ ವಯಸ್ಸಿನ ತೊಡಕು ಬಿಟ್ಟುಹೋಗುತ್ತದೆ. ಮಾತು ಕುರ್ಚಿಗೆ, ಮನುಷ್ಯನಿಗಲ್ಲ. ನಿವೃತ್ತಿಯಾದ ಮರುದಿನ ಅದು ನಿಂತೂ ಹೋಗುತ್ತದೆ, ಅದೂ ಸರಿಯೇ.

ಇನ್ನೊಂದು. ಸಾಹೇಬರು ತಪ್ಪು ಕೆಲಸ ಮಾಡಿ ಅಂದಾಗ ‘ಸರ್, ಇದು ನಿಯಮದಲ್ಲಿ ಬರುವುದಿಲ್ಲ’ ಅನ್ನಬಹುದು. ಟಿಪ್ಪಣಿ ಹಾಳೆಯಲ್ಲಿ ‘ತಮ್ಮ ಅವಗಾಹನೆಗೆ’ ಅಂತ ಶುರು ಮಾಡಿ ನಾಲ್ಕು ಸಾಲು ಬರೆದಿಟ್ಟರೆ ಮುಗಿಯಿತು. ಅದೇ ಸಾಹೇಬರು ಹೆಗಲ ಮೇಲೆ ಕೈ ಹಾಕಿ, ನನ್ನನ್ನು ಹೆಸರಿನಿಂದ ಕರಿ, ನಾವಿಬ್ಬರೂ ಗೆಳೆಯರಲ್ವಾ ಅಂದರೆ? ಆಗ ಇಲ್ಲ ಅನ್ನುವುದು ಬಹಳ ಕಷ್ಟ. ಸಲಿಗೆ ಕೊಟ್ಟು ಕೆಲಸ ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಸರ್ ಅನ್ನುವುದು ಸಣ್ಣ ನೌಕರನಿಗೂ ಒಂದು ಬೇಲಿ.

ಪಿಬಿ ರೋಡ್ ಹುಡುಗಿ

ಹಳೆ ಫೈಲು ಅವರೇ, ಬೇಲಿಯ ಮಾತು ನನಗೆ ಮನಸ್ಸಿಗೆ ನಾಟಿತು. ನಮ್ಮಲ್ಲೂ ಆ ಮುದ್ದು ಹೆಸರಿನ ಜೊತೆಗೇ ರಾತ್ರಿ ಮೆಸೇಜ್‌ಗಳೂ ಶುರುವಾಗಿವೆ. ‘ಈ ರಿಪೋರ್ಟ್ ಬೆಳಿಗ್ಗೆ ಒಳಗೆ ಆದರೆ ಚೆನ್ನಾಗಿರುತ್ತೆ’ ಅಂತ ಬರುತ್ತದೆ. ಆರ್ಡರ್ ಅಲ್ಲ, ಕೋರಿಕೆ ತರಹ. ಆರ್ಡರ್ ಆಗಿದ್ದರೆ ಓವರ್‌ಟೈಮ್ ಕೇಳಬಹುದಿತ್ತು. ಆದರೂ ಒಂದು ಪ್ರಶ್ನೆ. ನಿಮ್ಮ ಕಚೇರಿಯಲ್ಲಿ ಗ್ರೂಪ್ ಡಿ ನೌಕರರಿಗೆ ಆ ಬೇಲಿ ಇತ್ತಾ? ಅವರಿಗೆ ಸಾಹೇಬರು ಏನಂತ ಕರೆಯುತ್ತಿದ್ದರು?

ಹಳೆ ಫೈಲು

ಒಳ್ಳೆಯ ಪ್ರಶ್ನೆ ಮಗಳೇ. ಅವರಿಗೆ ಏಕವಚನವೇ. ಕೆಲವು ಸಾಹೇಬರು ನೀವು ಅನ್ನುತ್ತಿದ್ದರು. ಅಂಥವರ ಹೆಸರು ವರ್ಗಾವಣೆಯಾಗಿ ಎಷ್ಟೋ ವರ್ಷದ ಮೇಲೂ ಜವಾನರ ಬಾಯಲ್ಲಿ ಇರುತ್ತಿತ್ತು.

ಚಳ್ಳಕೆರೆ ಶೇಂಗಾ

ನಾನು ಸಾಫ್ಟ್‌ವೇರ್. ಊರು ಚಳ್ಳಕೆರೆ ತಾಲ್ಲೂಕು, ಈಗ ಬೆಂಗಳೂರು. ಹೆಸರು ಹಿಡಿದು ಕರೆಯುವ ಆಫೀಸಿನಲ್ಲಿ ನಮ್ಮ ಕಡೆಯ ಹೆಸರುಗಳು ಏನಾಗುತ್ತವೆ ಅಂತ ಹೇಳುತ್ತೇನೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಮೇಲಿನ ಭಕ್ತಿಯಿಂದ ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ ಇರುತ್ತಾನೆ. ನಾನೂ ಒಬ್ಬ ಅಂತ ಇಟ್ಟುಕೊಳ್ಳಿ. ನಮಗೆ ಸರ್‌ನೇಮ್ ಇಲ್ಲ. ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ. ಕಂಪನಿ ಫಾರ್ಮಿನಲ್ಲಿ ಮೊದಲ ಹೆಸರು, ಕೊನೆ ಹೆಸರು ಎರಡೂ ತುಂಬಲೇಬೇಕು. ಪಾಸ್‌ಪೋರ್ಟ್‌ಗೆ ಅಂತ ಇನಿಷಿಯಲ್ ಬಿಡಿಸಿ ಬರೆದಿದ್ದು ಅಲ್ಲಿಗೂ ಹೋಯಿತು. ಅಪ್ಪನ ಹೆಸರು ಮೊದಲ ಹೆಸರಾಯಿತು. ಅಮೆರಿಕದ ಕ್ಲೈಂಟ್ ದಿನಾ ಬೆಳಿಗ್ಗೆ ನಮ್ಮಪ್ಪನ ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳುತ್ತಾನೆ. ಊರಿನಲ್ಲಿ ಶೇಂಗಾ ಹೊಲದಲ್ಲಿ ಇರುವ ಅಪ್ಪನನ್ನು ಯಾರೂ ಬರೀ ಹೆಸರಿನಿಂದ ಕರೆದಿದ್ದು ನಾನು ಕಂಡಿಲ್ಲ. ತಿದ್ದಿಸಿದ ಮೇಲೆ ತಿಪ್ಪೇಸ್ವಾಮಿ ಉದ್ದ ಆಯಿತು ಅಂತ ‘ಟಿಪ್’ ಮಾಡಿದರು. ನನ್ನನ್ನು ಕೇಳಲಿಲ್ಲ.

ಇದೇನು ಹೊಸದಲ್ಲ. ನಮ್ಮ ಕೊಡಗಿನ ಕಾರಿಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅವರಿಗೆ ಸೇನೆಯಲ್ಲಿ ‘ಕಿಪ್ಪರ್’ ಅಂತ ಹೆಸರು. ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರಿಯಪ್ಪ ಅನ್ನಲು ಬರಲಿಲ್ಲ, ಅದಕ್ಕೆ. ತಿಮ್ಮಯ್ಯನವರು ‘ಟಿಮ್ಮಿ’ ಆದರು. ಮಾಣೆಕ್ ಷಾ ಅವರ ‘ಸ್ಯಾಮ್ ಬಹಾದ್ದೂರ್’ ಬೇರೆ ತರಹ. ಅದು ಗೂರ್ಖಾ ಸಿಪಾಯಿಗಳಿಂದ ಬಂದ ಹೆಸರು. ಕೆಳಗಿನವರು ಪ್ರೀತಿಯಿಂದ ಕೊಟ್ಟ ಅಡ್ಡಹೆಸರಿಗೂ, ಉಚ್ಚಾರಣೆ ಬರಲಿಲ್ಲ ಅಂತ ಮೇಲಿನವರು ಕತ್ತರಿಸಿದ ಹೆಸರಿಗೂ ನನಗೆ ಬಹಳ ವ್ಯತ್ಯಾಸ ಕಾಣುತ್ತದೆ. ನನಗೆ ಸರ್ ಬೇಡ. ನನ್ನ ಹೆಸರು ಪೂರ್ತಿ ಬೇಕು.

ವಿದ್ಯಾನಗರ ಲಾಸ್ಟ್ ಸ್ಟಾಪ್

ಕಾಲೇಜುಗಳಲ್ಲಿ ಇದಕ್ಕೆ ಚೆಂದದ ದಾರಿ ಇದೆ. ಮೇಷ್ಟ್ರುಗಳನ್ನು ಇನಿಷಿಯಲ್‌ನಿಂದ ಕರೆಯುತ್ತೇವೆ. ಎಚ್‌ಎನ್‌ಬಿ ಸರ್, ಎಸ್‌ಕೆಎಂ ಮೇಡಂ. ಟೈಮ್‌ಟೇಬಲ್‌ನಲ್ಲಿ ಬರೆದಿದ್ದೇ ಬಾಯಿಗೆ ಬರುತ್ತದೆ. ಹೆಸರೂ ಹಿಡಿದಂತಾಗುವುದಿಲ್ಲ, ಯಾರು ಅಂತಲೂ ಗೊತ್ತಾಗುತ್ತದೆ. ಎಷ್ಟೋ ಮೇಷ್ಟ್ರ ಪೂರ್ತಿ ಹೆಸರು ಡಿಗ್ರಿ ಮುಗಿದ ಮೇಲೂ ನಮಗೆ ಗೊತ್ತಿರಲಿಲ್ಲ.

ಜೋಗಿಮಟ್ಟಿ

ನಮ್ಮಪ್ಪ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದರು. ಠಾಣೆಯಲ್ಲಿ ಅವರು ಒಂದು ನಂಬರ್. ಡ್ಯೂಟಿ ಪಟ್ಟಿಯಲ್ಲಿ ಪಿಸಿ ಇಂತಿಷ್ಟು, ವೈರ್‌ಲೆಸ್‌ನಲ್ಲಿ ಅದೇ, ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಅದೇ. ದಾಖಲೆಗೆ ನಂಬರ್ ಬೇಕು, ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಬಾಯಿಮಾತಿನಲ್ಲೂ ನಂಬರ್ ಹಿಡಿದೇ ಕೂಗುತ್ತಿದ್ದರು. ಅಪ್ಪ ಮನೆಗೆ ಬಂದರೆ ಅವ್ವ ಹೆಸರು ಹಿಡಿಯುವುದಿಲ್ಲ, ನಾವು ಅಪ್ಪ ಅನ್ನುತ್ತೇವೆ. ಇಡೀ ದಿನದಲ್ಲಿ ಅವರ ಹೆಸರು ಕರೆಯುವವರೇ ಇರಲಿಲ್ಲ.

ಒಬ್ಬ ಇನ್‌ಸ್ಪೆಕ್ಟರ್ ಬಂದರು. ಹಾಜರಿ ಹೊತ್ತಿನಲ್ಲಿ ಹೆಸರು ಹೇಳಿ ‘ಅವರೇ’ ಅನ್ನುತ್ತಿದ್ದರು. ಅಪ್ಪ ಆವತ್ತು ಊಟಕ್ಕೆ ಕೂತಾಗ ಅವ್ವನಿಗೆ ಅದನ್ನೇ ಹೇಳಿದ್ದು ನನಗೆ ಈಗಲೂ ನೆನಪಿದೆ. ಸಂಬಳ ಜಾಸ್ತಿ ಆಗಿದ್ದನ್ನೂ ಅವರು ಅಷ್ಟು ಖುಷಿಯಿಂದ ಹೇಳಿರಲಿಲ್ಲ.

ಹ್ಯಾಂಗರ್ ಹುಡುಗ

ಹಳೆ ಫೈಲು ಸರ್ ಹೇಳಿದ ಬೇಲಿ ಬಗ್ಗೆ ಒಂದು ಮಾತು. ನಾನು ವಿಮಾನ ರಿಪೇರಿ ಕೆಲಸದಲ್ಲಿದ್ದೇನೆ, ಊರು ದಾವಣಗೆರೆಯೇ. ನಮ್ಮ ಟ್ರೈನಿಂಗ್‌ನಲ್ಲಿ ಕಲಿಸುವ ಒಂದು ಅಪಘಾತ ಇದೆ. 1977ರ ಮಾರ್ಚ್ 27. ಸ್ಪೇನ್‌ನ ಟೆನೆರಿಫ್ ದ್ವೀಪದ ಏರ್‌ಪೋರ್ಟ್. ಎರಡು ಬೋಯಿಂಗ್ 747, ಒಂದು ಡಚ್ ಕಂಪನಿ ಕೆಎಲ್‌ಎಂನದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್‌ನದು. ದಟ್ಟ ಮಂಜು. ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ ಪೈಲಟ್‌ಗಳಿಗೇ ಪಾಠ ಹೇಳುವ ಹಿರಿಯ. ಅವರು ಹೊರಡಲು ಆತುರಪಟ್ಟಾಗ ಕೋ ಪೈಲಟ್ ಒಮ್ಮೆ ತಡೆದರು, ಇನ್ನೂ ಅನುಮತಿ ಬಂದಿಲ್ಲ ಅಂತ. ಎರಡನೇ ಸಲ ಹೊರಟಾಗ ತಡೆಯಲಿಲ್ಲ. ಫ್ಲೈಟ್ ಇಂಜಿನಿಯರ್ ಮಾತ್ರ ಕೇಳಿದರು: ಆ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟಿಲ್ಲವಾ? ಕ್ಯಾಪ್ಟನ್ ಗಟ್ಟಿಯಾಗಿ ಬಿಟ್ಟಿದೆ ಅಂದರು. ಅಲ್ಲಿಗೆ ಮಾತು ನಿಂತಿತು. ಬಿಟ್ಟಿರಲಿಲ್ಲ. 583 ಜನ ಸತ್ತರು.

ಇಂಥ ಅಪಘಾತಗಳ ಮೇಲೆ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರ ತಪ್ಪು ಹೇಳುವುದನ್ನು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ಕಲಿಸುವ ತರಬೇತಿ ಅಲ್ಲಿಂದ ಬೆಳೆಯಿತು. ಈಗ ಪೈಲಟ್‌ಗಳಿಗೆ ಅದು ಕಡ್ಡಾಯ. ಅದರಲ್ಲಿ ಕ್ಯಾಪ್ಟನ್ ಹೆಸರು ಹಿಡಿಯಿರಿ ಅಂತ ಹೇಳುವುದಿಲ್ಲ. ಏನಾದರೂ ಅನುಮಾನ ಬಂದರೆ ಹೇಳಿ ಅಂತ ಕ್ಯಾಪ್ಟನ್‌ನೇ ಮೊದಲು ಹೇಳಬೇಕು, ಅದು ಪಾಠ. ನಮ್ಮ ಹ್ಯಾಂಗರ್‌ನಲ್ಲಿ ಸರ್ ಅನ್ನುತ್ತಲೇ ‘ಸರ್, ಈ ಬೋಲ್ಟ್ ಟಾರ್ಕ್ ಆಗಿಲ್ಲ (ಸರಿಯಾದ ಅಳತೆಗೆ ಬಿಗಿದಿಲ್ಲ), ಸಹಿ ಹಾಕಬೇಡಿ’ ಅನ್ನುತ್ತೇವೆ. ಸರ್ ಇದ್ದರೂ ನಡೆಯುತ್ತದೆ. ಕೇಳಿಸಿಕೊಳ್ಳುವ ಸರ್ ಇರಬೇಕು.

ಹಿರಿಯೂರಿನಿಂದ ದೂರ

ನಾನು ಈಗ ಸ್ವೀಡನ್‌ನಲ್ಲಿದ್ದೇನೆ. ಇಲ್ಲಿ ಶಾಲೆ ಮಕ್ಕಳು ಟೀಚರ್ ಹೆಸರು ಹಿಡಿದು ಕರೆಯುತ್ತಾರೆ. ನಾನೂ ನಮ್ಮ ಡೈರೆಕ್ಟರ್ ಹೆಸರು ಹಿಡಿಯುತ್ತೇನೆ. ಮೊದಲಿಂದ ಹೀಗಿತ್ತು ಅಂದುಕೊಳ್ಳಬೇಡಿ. ಹಿಂದೆ ಇವರೂ ಹುದ್ದೆ ಹಿಡಿದೇ ಮಾತಾಡುತ್ತಿದ್ದರು. ಡಾಕ್ಟರ್ ಎದುರಿಗೇ ಕೂತಿದ್ದರೂ ‘ಡಾಕ್ಟರ್ ಏನು ಹೇಳುತ್ತಾರೆ?’ ಅಂತ ಕೇಳಬೇಕಿತ್ತು. ನೀನು ಅನ್ನುವಂತಿಲ್ಲ, ನೀವು ಅಂದರೂ ಕೆಲವರಿಗೆ ಸಿಟ್ಟು. 1967ರಲ್ಲಿ ಬ್ರೋರ್ ರೆಕ್ಸೆಡ್ ಅನ್ನುವವರು ಇಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಬಂದವರೇ ಸಿಬ್ಬಂದಿಗೆಲ್ಲ ಹೇಳಿದರು, ನಾನು ನಿಮ್ಮೆಲ್ಲರನ್ನೂ ಆತ್ಮೀಯವಾಗಿ ಏಕವಚನದಲ್ಲೇ ಮಾತಾಡಿಸುತ್ತೇನೆ, ನೀವೂ ನನ್ನನ್ನು ಹಾಗೇ ಮಾತಾಡಿಸಿ ಅಂತ. ಅವರೊಬ್ಬರಿಂದಲೇ ಬದಲಾಗಿದ್ದಲ್ಲ, ಆಗಲೇ ಗಾಳಿ ಆ ಕಡೆ ಬೀಸುತ್ತಿತ್ತು. ಮುಂದೆ ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಹಾಗಾಯಿತು. ಈಗ ಹಳೆ ಪದ್ಧತಿ ಉಳಿದಿರುವುದು ರಾಜಮನೆತನಕ್ಕೆ ಮಾತ್ರ.

ನಮ್ಮ ಕನ್ನಡಕ್ಕೆ ಇದನ್ನು ಹಾಗೇ ತರಲು ಆಗುವುದಿಲ್ಲ. ಇಲ್ಲಿ ಎಲ್ಲರೂ ಏಕವಚನಕ್ಕೆ ಇಳಿದರು. ನಮ್ಮಲ್ಲಿ ಎಲ್ಲರೂ ಬಹುವಚನಕ್ಕೆ ಹತ್ತಬೇಕು. ಬರೀ ಹೆಸರು ಹೇಳಿ ‘ಬಂದ್ರಾ?’ ಅಂದರೆ ನಮ್ಮ ಕಿವಿಗೆ ಮರ್ಯಾದೆ ಇದೆ. ಸರ್ ಬೇಕಾಗಿಲ್ಲ.

ದುರ್ಗದ ಮಣ್ಣು

ಎಲ್ಲರ ಮಾತೂ ಓದಿದೆ. ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತು ಹೇಳುತ್ತೇನೆ. ಜಾತಿ.

ನಮ್ಮ ತಾತನ ಹೆಸರಿನ ಕೊನೆಗೆ ‘ಅಪ್ಪ’ ಇತ್ತು. ಊರಿನಲ್ಲಿ ಆ ‘ಅಪ್ಪ’ ಯಾರ ಬಾಯಿಗೂ ಬರಲಿಲ್ಲ. ನಮ್ಮ ಕೇರಿಯಲ್ಲಿ ಹನುಮಪ್ಪ ಅಂತ ಹೆಸರಿಟ್ಟರೆ ಊರಿನವರಿಗೆ ಹನುಮ್ಯಾ. ದುರುಗಪ್ಪ ದುರುಗ್ಯಾ. ಕೆಂಚಪ್ಪ ಕೆಂಚ. ಗೌಡರ ಮನೆಯ ಚಡ್ಡಿ ಹಾಕಿದ ಹುಡುಗ ಎಪ್ಪತ್ತು ವರ್ಷದ ಮುದುಕನನ್ನು ಬಾರೋ ಹೋಗೋ ಅನ್ನುತ್ತಿದ್ದ. ಮುದುಕ ಆ ಹುಡುಗನಿಗೆ ‘ಬುದ್ಧಿ’ ಅನ್ನಬೇಕಿತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದೂ ಆ ಮೋಟು ಹೆಸರನ್ನೇ. ಎಷ್ಟೋ ಜನರ ರೇಷನ್ ಕಾರ್ಡು, ಪಹಣಿಗಳಲ್ಲಿ ಅದೇ ಇವತ್ತಿಗೂ ಇದೆ. ಅಡ್ಡಹೆಸರು, ಮೊಟಕು ಹೆಸರು ಅಂದರೆ ನಿಮಗೆ ಸಲಿಗೆ ಇರಬಹುದು, ನಮ್ಮ ಮನೆಯಲ್ಲಿ ಅದರ ನೆನಪೇ ಬೇರೆ.

ನಾನು ಓದಿ ಲೆಕ್ಚರರ್ ಆದೆ. ಅದೇ ಊರಿನವರು ಸೀಟು ಕೇಳಿಕೊಂಡು ಬಂದಾಗ ಸರ್ ಅಂದರು. ತಾತನಿಗೆ, ಅಪ್ಪನಿಗೆ ಸಿಗದ ಬಹುವಚನ ಆ ಒಂದು ಮಾತಿನ ಜೊತೆ ನನಗೆ ಸಿಕ್ಕಿತು. ಅದಕ್ಕೆ ಸರ್ ಬಿಡಿ, ಎಲ್ಲರೂ ಸಮಾನರು ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ಬರುವ ಪ್ರಶ್ನೆ: ಸರ್ ಬಿಟ್ಟ ಮೇಲೂ ನಿಮಗೆ ನೀವು ಉಳಿಯುತ್ತದೆ. ನನಗೆ ಉಳಿಯುತ್ತದಾ? ಹುಟ್ಟಿನಿಂದ ಗೌರವ ಬಂದವರಿಗೆ ಸರ್ ಬಿಟ್ಟುಕೊಡುವುದು ಸುಲಭ.

ಚಳ್ಳಕೆರೆ ಶೇಂಗಾ ಹೇಳಿದ್ದು ನಿಜ. ನಾವು ಅಂಬೇಡ್ಕರ್ ಅವರನ್ನು ‘ಬಾಬಾಸಾಹೇಬ್’ ಅನ್ನುತ್ತೇವೆ. ಜನ ಪ್ರೀತಿಯಿಂದ ಕೊಟ್ಟ ಹೆಸರು. ಅದನ್ನು ಹೇಳುವಾಗ ನಮ್ಮ ಎದೆ ಎತ್ತರ ಆಗುತ್ತದೆ. ಅಂಥ ಹೆಸರು ಸುತ್ತೋಲೆಯಿಂದ ಬರುವುದಿಲ್ಲ.

ಮಂಡಿಪೇಟೆ

ಮೇಷ್ಟ್ರೇ, ಅಪ್ಪನಿಗೂ ಇದನ್ನು ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಹಮಾಲರ ಪೂರ್ತಿ ಹೆಸರು ಕೂಲಿ ಪುಸ್ತಕದಲ್ಲಿ ಬರೆಯಲು ರೈಟರ್‌ಗೆ ಹೇಳಿದ್ದೇನೆ. ಇಲ್ಲಿಯವರೆಗೆ ಅಲ್ಲೂ ನಿಂಗ, ಹಾಲ ಅಂತಲೇ ಇತ್ತು.

ಕರಿ ಕೋಟು

ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತೇನೆ. ಕೋರ್ಟಿನಲ್ಲಿ ಇದೇ ಮಾತು ಬಹಳ ಹಿಂದೆಯೇ ಬಂದಿದೆ. ಜಡ್ಜ್‌ಗಳಿಗೆ ‘ಮೈ ಲಾರ್ಡ್’ ಬೇಡ ಅಂತ ಬಾರ್ ಕೌನ್ಸಿಲ್ 2006ರಲ್ಲೇ ನಿರ್ಣಯ ಮಾಡಿತು. ಕೆಳಗಿನ ಕೋರ್ಟುಗಳಲ್ಲಿ ಸರ್ ಅಂದರೆ ಸಾಕು. ಮೈ ಲಾರ್ಡ್ ಕಡ್ಡಾಯವಲ್ಲ, ಗೌರವವಾಗಿ ಕರೆದರಾಯಿತು ಅಂತ ಸುಪ್ರೀಂ ಕೋರ್ಟ್ ಪೀಠ 2014ರಲ್ಲಿ ಹೇಳಿತು. ರಾಜಸ್ಥಾನ ಹೈಕೋರ್ಟ್ 2019ರಲ್ಲಿ ತಾನೇ ಬೇಡ ಅಂದಿತು. ಆದರೂ ಹಿರಿಯ ವಕೀಲರ ಬಾಯಿಂದ ಅದು ಹೋಗಿಲ್ಲ. ನಿಯಮ ಬದಲಾದಷ್ಟು ಬೇಗ ನಾಲಿಗೆ ಬದಲಾಗುವುದಿಲ್ಲ.

ಅದೇ ಕೋರ್ಟಿನ ಬಾಗಿಲಲ್ಲಿ ನಿಂತು ಜವಾನ ಕಕ್ಷಿದಾರರ ಹೆಸರು ಮೂರು ಸಲ ಕೂಗುತ್ತಾರೆ. ಬರೀ ಹೆಸರು. ಶ್ರೀ ಇಲ್ಲ, ಅವರೇ ಇಲ್ಲ. ಹೊಸದುರ್ಗದಿಂದ ಬೆಳಗಿನ ಬಸ್ಸಿಗೆ ಬಂದ ಅಜ್ಜ ವರಾಂಡದಿಂದ ಓಡಿ ಬಂದು ಕೈ ಮುಗಿದು ನಿಲ್ಲುತ್ತಾನೆ. ಹಾಗಾಗಿ ಪಿಬಿ ರೋಡ್ ಅವರು ಹೇಳಿದ್ದರಲ್ಲಿ ನನಗೆ ಬಹಳ ಸತ್ಯ ಕಾಣುತ್ತದೆ. ಮೇಲಿನವರನ್ನು ಏನಂತ ಕರೆಯಬೇಕು ಅಂತ ನಿರ್ಣಯಗಳಾಗುತ್ತವೆ. ಕೆಳಗಿನವರ ಬಗ್ಗೆ ಆಗುವುದಿಲ್ಲ.

ಒಂದು ಕಡೆ ಆಗಿದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿ 2021ರಲ್ಲಿ ತನ್ನ ಕಚೇರಿಯಲ್ಲಿ ಸರ್, ಮೇಡಂ ಬೇಡ ಅಂತ ನಿರ್ಣಯ ಮಾಡಿತು. ಜನ ಬಂದು ಸಿಬ್ಬಂದಿಯನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು. ‘ದಯವಿಟ್ಟು ಬೇಡಿಕೊಳ್ಳುತ್ತೇನೆ’ ಅಂತ ಅರ್ಜಿಯಲ್ಲಿ ಬರೆಯುವುದೂ ಬೇಡ, ಸೇವೆ ಕೇಳುವುದು ಜನರ ಹಕ್ಕು ಅಂದರು. ಎಲ್ಲ ಪಕ್ಷದ ಸದಸ್ಯರೂ ಒಪ್ಪಿದರು. ಇಲ್ಲಿ ಗಮನಿಸಿ, ಅವರು ಕೌಂಟರ್‌ನ ಆ ಕಡೆ ನಿಂತವರಿಂದ ಶುರು ಮಾಡಿದರು, ಒಳಗೆ ಕೂತವರಿಂದ ಅಲ್ಲ.

ಹರಿಹರ ಹೊಳೆ ದಂಡೆ

ದುರ್ಗದ ಮಣ್ಣು ಸರ್, ನಿಮ್ಮ ಮಾತಿನ ಮೇಲೆ ಒಂದು. ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಸರ್ ಅನ್ನುವ ಪದ್ಧತಿ ಯೂನಿಯನ್ ಕೇಳಿ ತಂದಿದ್ದು ಅಂತ ಹಿರಿಯರು ಹೇಳುತ್ತಾರೆ. ಮೊದಲು ಸೂಪರ್‌ವೈಸರ್‌ಗಳು ಕಾರ್ಮಿಕರಿಗೆ ಏಕವಚನ ಅನ್ನುತ್ತಿದ್ದರಂತೆ. ಅಂದರೆ ಸರ್ ತೆಗೆಯಲಿಲ್ಲ, ಕೆಳಗಿನವರಿಗೂ ಹಂಚಿದರು. ಅದು ನಿಮ್ಮ ಆಫೀಸಿಗೂ ಆಗಬಹುದೇನೋ.

ಪಿಬಿ ರೋಡ್ ಹುಡುಗಿ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಕೃತಜ್ಞತೆ. ನಾವು ಐದಾರು ಜನ ಕೂತು ರೀಜನಲ್ ಹೆಡ್‌ಗೆ ಒಂದು ಮನವಿ ಬರೆದಿದ್ದೇವೆ. ದೂರು ಅಲ್ಲ, ಮನವಿ. ಮನುಷ್ಯ ಕೆಟ್ಟವರಲ್ಲ, ಬದಲಾಯಿಸಬೇಕು ಅನ್ನುವ ಮನಸ್ಸಿದೆ. ಅದು ಪೂರ್ತಿ ಆಗಲಿ ಅಂತ ನಮ್ಮ ಆಸೆ. ಕರಡು ಇಲ್ಲಿ ಹಾಕುತ್ತೇನೆ, ನೋಡಿ ತಿದ್ದಿ.

‘ಆಫೀಸಿನಲ್ಲಿ ಯಾರೂ ಯಾರಿಗೂ ಏಕವಚನ ಬಳಸಬಾರದು. ಅಟೆಂಡರ್, ಹೌಸ್‌ಕೀಪಿಂಗ್, ಡ್ರೈವರ್ ಎಲ್ಲರ ಪೂರ್ತಿ ಹೆಸರು ಎಲ್ಲರಿಗೂ ಗೊತ್ತಿರಬೇಕು, ವಾಟ್ಸಾಪ್ ಗ್ರೂಪಿಗೆ ಅವರನ್ನೂ ಸೇರಿಸಬೇಕು. ತಮ್ಮನ್ನು ಹೇಗೆ ಕರೆಯಬೇಕು ಅಂತ ಪ್ರತಿಯೊಬ್ಬರೂ ತಾವೇ ಹೇಳಲಿ. ಸರ್ ಅನ್ನುವವರು ಅನ್ನಲಿ, ಹೆಸರು ಹಿಡಿಯುವವರು ಹಿಡಿಯಲಿ. ಇದರ ಮೇಲೆ ಯಾರ ಅಪ್ರೈಸಲ್ಲೂ ನಿಲ್ಲಬಾರದು.’

‘ತಾವೇ ಹೇಳಲಿ’ ಅನ್ನುವ ಸಾಲು ದುರ್ಗದ ಮಣ್ಣು ಸರ್ ಬರೆದಿದ್ದನ್ನು ಓದಿ ಸೇರಿಸಿದ್ದು.

ನೈಟ್ ಡ್ಯೂಟಿ

ಸೆಕ್ಯುರಿಟಿಯವರು ಬಿಟ್ಟುಹೋಗಿದ್ದಾರೆ ನೋಡಿ. ನಿಮ್ಮಲ್ಲಿ ಅವರು ಏಜೆನ್ಸಿಯವರಾ? ನಮ್ಮಲ್ಲಿ ಹೊರಗುತ್ತಿಗೆ ಅಂತ ಹೇಳಿ ಇಂಥ ಎಲ್ಲದರಿಂದಲೂ ಅವರನ್ನು ಹೊರಗೆ ಇಡುತ್ತಾರೆ. ‘ಏಜೆನ್ಸಿಯಿಂದ ಬಂದವರೂ ಸೇರಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಐಡಿ ಕಾರ್ಡಿನಲ್ಲಿ ಹೆಸರು ದೊಡ್ಡ ಕನ್ನಡ ಅಕ್ಷರದಲ್ಲಿ ಇರಲಿ ಅಂತಲೂ ಕೇಳಿ.

ಹಳೆ ಫೈಲು

ಕರಡು ಚೆನ್ನಾಗಿದೆ ಮಗಳೇ. ‘ಬಾರದು’ ಇರುವ ಕಡೆ ‘ಬೇಡ ಎಂದು ಕೋರುತ್ತೇವೆ’ ಮಾಡಿ. ಮನವಿ ಅಲ್ವಾ. ದಿನಾಂಕ ಹಾಕಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಪಿಬಿ ರೋಡ್ ಹುಡುಗಿ

ಎರಡೂ ತಿದ್ದಿದೆ. ಸೆಕ್ಯುರಿಟಿಯವರು ಏಜೆನ್ಸಿಯವರೇ, ಅವರನ್ನೂ ಸೇರಿಸಿದ್ದೇವೆ. ಮೊದಲ ಸಹಿ ನನ್ನದು ಅಂತ ಬ್ರಾಂಚ್ ಮ್ಯಾನೇಜರ್ ಹೇಳಿದ್ದಾರೆ. ಅಟೆಂಡರ್‌ಗೆ ಪೂರ್ತಿ ಓದಿ ಹೇಳಿದೆ. ಅವರು ಒಂದೇ ತಿದ್ದುಪಡಿ ಕೊಟ್ಟರು: ‘ನನ್ ಹತ್ರ ಇರೋದು ಕೀಪ್ಯಾಡ್ ಫೋನಮ್ಮ, ಗ್ರೂಪಿಗೆ ಸೇರ್ಸಿ ಏನ್ ಮಾಡ್ತೀರಿ. ನೋಟಿಸ್ ಬೋರ್ಡಿಗೂ ಹಾಕ್ರಿ ಅಂತ ಬರೀರಿ.’ ಅದನ್ನೂ ಬರೆದಿದ್ದೇನೆ. ಸೋಮವಾರ ಕೊಡುತ್ತೇವೆ. ಹೆಡ್ ಆಫೀಸಿಗೂ ಈಗಲೇ ಒಂದು ಪ್ರತಿ ಕಳಿಸಬೇಕಾ, ಅಥವಾ ಇವರ ಉತ್ತರ ನೋಡಿಕೊಂಡು ಕಳಿಸಬೇಕಾ? ಅನುಭವ ಇರುವವರು ಹೇಳಿ.